ಒಂದು ಹೆಜ್ಜೆಗೆ ಸಾಲುವ ಬೆಳಕು

ದುಃಖದಲ್ಲಿರುವವರಿಗೆ ಸಮಾಧಾನ ಹೇಳುವುದು ಲೋಕದ ಅತ್ಯಂತ ಕಷ್ಟದ ಕೆಲಸಗಳಲ್ಲಿ ಒಂದು. ಸಾವಾದ ಮನೆಗೆ ಹೋದವರು ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಮಾತಿಗಾಗಿ ತಡಕಾಡುತ್ತಿರುತ್ತಾರೆ. ಕೆಲವರು ಸುಮ್ಮನೆ ಕುಳಿತು, ಸುಮ್ಮನೆ ಎದ್ದು ಬರುತ್ತಾರೆ. ಅವರೇ ಜಾಣರೆಂದು ನನಗೆ ತೋರುತ್ತದೆ. ಉಳಿದವರು ಬಾಯಿಗೆ ಬಂದ ಹಳೆಯ ಮಾತುಗಳನ್ನು ಆಡುತ್ತಾರೆ. ಆದದ್ದೆಲ್ಲ ಒಳ್ಳೆಯದಕ್ಕೇ ಎನ್ನುತ್ತಾರೆ. ಒಳ್ಳೆಯವರನ್ನು ದೇವರು ಬೇಗ ಕರೆದುಕೊಳ್ಳುತ್ತಾನೆ ಎನ್ನುತ್ತಾರೆ. ಆಡುವವರ ಮನಸ್ಸಿನಲ್ಲಿ ಕೇಡಿಲ್ಲ. ಆದರೂ ಕೇಳುವವರ ಎದೆಗೆ ಆ ಮಾತು ತಗುಲಿದಾಗ ಗಾಯದ ಮೇಲೆ ಕೈಯಿಟ್ಟಂತಾಗುತ್ತದೆ. ಮಗುವನ್ನು ಮಣ್ಣಿಗೆ ಕೊಟ್ಟು ಬಂದ ತಾಯಿಗೆ ಅದು ಒಳ್ಳೆಯದಕ್ಕಾಯಿತೆಂದು ಹೇಳುವ ಅಧಿಕಾರ ಯಾರಿಗಿದೆ?

ಹಾಗಾದರೆ ಕಷ್ಟಕಾಲದಲ್ಲಿ ದೇವರ ಕರುಣೆಯನ್ನು ನಂಬುವುದೆಂದರೆ ಏನು? ನಡೆದುದಕ್ಕೆಲ್ಲ ಒಂದು ಕಾರಣವನ್ನು ಕಟ್ಟಿ, ಲೆಕ್ಕ ಸರಿಹೋಯಿತೆಂದು ಸುಮ್ಮನಾಗುವುದೇ? ಅಳುವನ್ನು ನುಂಗಿಕೊಂಡು ನಗುಮುಖ ತೋರುವುದೇ? ಈ ಪ್ರಶ್ನೆಗೆ ತತ್ತ್ವಶಾಸ್ತ್ರದಲ್ಲಿ ದೊಡ್ಡ ದೊಡ್ಡ ಉತ್ತರಗಳಿವೆ. ಕನ್ನಡ ಪಾಠ ಹೇಳುವವನಾದ ನನ್ನ ಯೋಗ್ಯತೆಗೆ ತಕ್ಕ ಉತ್ತರ ದೊರೆತದ್ದು ಒಂದು ಚಿಕ್ಕ ಪದ್ಯದಲ್ಲಿ. ಅದನ್ನು ಓದದ, ಕೇಳದ ಕನ್ನಡಿಗರು ಕಡಮೆ. ಶಾಲೆಯ ಅಂಗಳದಲ್ಲಿ ಸಾಲಾಗಿ ನಿಂತು, ಅರ್ಥ ತಿಳಿಯದ ವಯಸ್ಸಿನಲ್ಲಿಯೇ ಎಷ್ಟೋ ಮಕ್ಕಳು ಅದನ್ನು ಹಾಡಿದ್ದಾರೆ. ಬಿ. ಎಂ. ಶ್ರೀಕಂಠಯ್ಯನವರ ‘ಕರುಣಾಳು ಬಾ ಬೆಳಕೆ’ ಆ ಪದ್ಯ.

೧೯೨೬ರಲ್ಲಿ ಪ್ರಕಟವಾದ ‘ಇಂಗ್ಲಿಷ್ ಗೀತಗಳು’ ಹೊಸಗನ್ನಡ ಕಾವ್ಯಕ್ಕೆ ದಾರಿ ತೆರೆದ ಸಂಕಲನವೆಂಬುದು ವಿದ್ಯಾರ್ಥಿಗಳೆಲ್ಲ ಬಲ್ಲ ವಿಷಯ. ಶ್ರೀಯವರು ವೃತ್ತಿಯಿಂದ ಇಂಗ್ಲಿಷ್ ಪ್ರಾಧ್ಯಾಪಕರು; ಮನಸ್ಸಿನಿಂದ ಕನ್ನಡದ ಕಟ್ಟಾಳು. ಅವರು ಆರಿಸಿಕೊಂಡ ಕವನಗಳಲ್ಲಿ ವಸಂತವೂ ಪ್ರಣಯವೂ ವೀರವೂ ಇವೆ. ಆದರೆ ದುಃಖದ ಕಡೆಗೆ ಅವರ ಮನಸ್ಸು ವಿಶೇಷವಾಗಿ ಒಲಿಯುತ್ತಿದ್ದಿತು. ನೀರಿಗೆ ಬಿದ್ದು ಸತ್ತ ಅನಾಥೆಯೊಬ್ಬಳನ್ನು ಕುರಿತ ಹುಡ್‌ ಕವಿಯ ಕವನ ಅವರ ಕೈಯಲ್ಲಿ ‘ದುಃಖಸೇತು’ವಾಯಿತು. ಮುಂದೆ ಅವರು ಗ್ರೀಕ್ ರುದ್ರನಾಟಕಗಳ ಜಾಡು ಹಿಡಿದು ‘ಅಶ್ವತ್ಥಾಮನ್’, ‘ಪಾರಸಿಕರು’ ಎಂಬ ನಾಟಕಗಳನ್ನು ಕೊಟ್ಟರು. ದುಃಖವನ್ನು ಕಣ್ಣಿಟ್ಟು ನೋಡಬಲ್ಲ ಇಂಥ ಕವಿಯೇ ಈ ಪ್ರಾರ್ಥನೆಯನ್ನೂ ಕನ್ನಡಕ್ಕೆ ತಂದರೆಂಬುದನ್ನು ನೆನಪಿನಲ್ಲಿಡಬೇಕು.

ಮೂಲಗೀತೆಯನ್ನು ಬರೆದವನು ಜಾನ್ ಹೆನ್ರಿ ನ್ಯೂಮನ್. ಅವನು ೧೮೦೧ರಲ್ಲಿ ಹುಟ್ಟಿ ೧೮೯೦ರಲ್ಲಿ ತೀರಿಕೊಂಡ ಇಂಗ್ಲೆಂಡಿನ ಧರ್ಮಗುರು. ಆಂಗ್ಲ ಗದ್ಯದ ಮಹಾಶಿಲ್ಪಿಗಳಲ್ಲೊಬ್ಬ. ಆಂಗ್ಲಿಕನ್ ಪಂಥದಲ್ಲಿದ್ದವನು ೧೮೪೫ರಲ್ಲಿ ಕ್ಯಾಥೊಲಿಕ್ ಪಂಥವನ್ನು ಸೇರಿದ. ೧೮೭೯ರಲ್ಲಿ ಕಾರ್ಡಿನಲ್ ಆದ. ೨೦೧೯ರಲ್ಲಿ ಅವನನ್ನು ಸಂತನೆಂದು ಘೋಷಿಸಲಾಯಿತು. ಆದರೆ ಈ ಗೀತೆಯನ್ನು ಬರೆದಾಗ ಅವನು ಸಂತನೂ ಅಲ್ಲ, ಕಾರ್ಡಿನಲ್ಲನೂ ಅಲ್ಲ. ಜ್ವರದಿಂದ ಬಸವಳಿದು, ಮನೆಯ ದಾರಿ ಕಾಯುತ್ತಿದ್ದ ಮೂವತ್ತೆರಡು ವರ್ಷದ ತರುಣ.

ಗೆಳೆಯನೊಬ್ಬನೊಡನೆ ದಕ್ಷಿಣ ಯುರೋಪಿನ ಪ್ರವಾಸಕ್ಕೆ ಹೊರಟಿದ್ದ ನ್ಯೂಮನ್, ಜೊತೆಯವರು ಊರಿಗೆ ಮರಳಿದ ಮೇಲೂ ಸಿಸಿಲಿ ದ್ವೀಪದ ಆಸೆಯಿಂದ ೧೮೩೩ರ ವಸಂತದಲ್ಲಿ ಒಬ್ಬನೇ ಹಿಂದಿರುಗಿದನು. ಅಲ್ಲಿ ಒಳನಾಡಿನಲ್ಲಿ ಅವನಿಗೆ ವಿಷಮಜ್ವರ ಬಂದಿತು. ಭಾಷೆ ಬೇರೆ, ಜನ ಬೇರೆ. ಬಳಿಯಲ್ಲಿದ್ದವನು ಒಬ್ಬ ಸೇವಕ ಮಾತ್ರ. ತಾನು ಸತ್ತರೆ ಏನು ಮಾಡಬೇಕೆಂದು ಆ ಸೇವಕನಿಗೆ ಹೇಳಿಯೂ ಇಟ್ಟನು. ಕೊನೆಗೆ ಜ್ವರವಿಳಿಯಿತು. ಪ್ರಯಾಣ ಹೊರಡಬೇಕಾದ ಬೆಳಗ್ಗೆ ಹಾಸಿಗೆಯ ಮೇಲೆ ಕುಳಿತು ಬಿಕ್ಕಿ ಬಿಕ್ಕಿ ಅತ್ತನಂತೆ. ಏಕೆಂದು ಸೇವಕ ಕೇಳಿದಾಗ, ಇಂಗ್ಲೆಂಡಿನಲ್ಲಿ ತನಗೊಂದು ಕೆಲಸವಿದೆ ಎಂದಷ್ಟೇ ಹೇಳಲು ಸಾಧ್ಯವಾಯಿತೆಂದು ೧೮೬೪ರಲ್ಲಿ ಬರೆದ ತನ್ನ ಆತ್ಮಕಥನದಲ್ಲಿ ನೆನೆದಿದ್ದಾನೆ.

ಪಲೆರ್ಮೊ ಬಂದರಿನಲ್ಲಿ ಹಡಗಿಗಾಗಿ ವಾರಗಟ್ಟಲೆ ಕಾಯಬೇಕಾಯಿತು. ದೊರೆತದ್ದು ಕಿತ್ತಳೆ ಹಣ್ಣು ಹೇರಿಕೊಂಡು ಮಾರ್ಸೇಲ್ಸಿಗೆ ಹೋಗುವ ಹಾಯಿದೋಣಿ. ಕಾರ್ಸಿಕಾ ಮತ್ತು ಸಾರ್ಡೀನಿಯ ದ್ವೀಪಗಳ ನಡುವಣ ಬೊನಿಫಾಚೊ ಜಲಸಂಧಿಯಲ್ಲಿ ಗಾಳಿ ಬಿದ್ದುಹೋಯಿತು. ಹಾಯಿ ಜೋತುಬಿದ್ದಿತು; ದೋಣಿ ಒಂದು ವಾರ ಕಾಲ ನಿಂತಲ್ಲೇ ನಿಂತಿತು. ಅಲ್ಲಿ, ೧೮೩೩ನೆಯ ಜೂನ್ ೧೬ರಂದು, ಈ ಗೀತೆ ಹುಟ್ಟಿತು.

ಈ ಸನ್ನಿವೇಶವನ್ನು ತಿಳಿದು ಪದ್ಯವನ್ನು ಓದಿದಾಗ ನನಗೆ ಮೊದಲು ಆಶ್ಚರ್ಯವೆನಿಸಿದ ಸಂಗತಿ ಒಂದಿದೆ. ಗಾಳಿಯಿಲ್ಲದೆ ನಿಂತ ದೋಣಿಯಲ್ಲಿ ಕುಳಿತವನು ಗಾಳಿಯನ್ನು ಬೇಡಲಿಲ್ಲ! ಊರು ಬೇಗ ಸೇರಿಸೆಂದಾಗಲಿ, ಮೈಯಲ್ಲಿ ಬಲ ತುಂಬೆಂದಾಗಲಿ ಕೇಳಲಿಲ್ಲ. ತನಗೇಕೆ ಈ ಕಷ್ಟ ಬಂದಿತೆಂದೂ ವಿಚಾರಿಸಲಿಲ್ಲ. ಅವನು ಕೇಳಿದ್ದು ಬೆಳಕನ್ನು. ಅದನ್ನೂ ಎಷ್ಟೆಂದರೆ ಮುಂದಿನ ಒಂದು ಅಡಿಯನ್ನು ಇಡಲು ಬೇಕಾದಷ್ಟನ್ನು. ದೂರದ ನೋಟ ತನಗೆ ಬೇಡವೆಂದು ಅವನೇ ಹೇಳುತ್ತಾನೆ.

ಪದ್ಯದಲ್ಲಿ ಮೂರೇ ನುಡಿಗಳಿವೆ. ಮೊದಲನೆಯದರಲ್ಲಿ ಕತ್ತಲೆ, ದೂರವಿರುವ ಮನೆ, ಒಂದು ಹೆಜ್ಜೆಯ ಬೇಡಿಕೆ. ಎರಡನೆಯದರಲ್ಲಿ ಹಿಂದಿನ ದಿನಗಳ ನೆನಪು: ತನ್ನ ದಾರಿಯನ್ನು ತಾನೇ ಆರಿಸಿಕೊಳ್ಳುವೆನೆಂಬ ಹಮ್ಮಿನಲ್ಲಿ ಕಳೆದ ಕಾಲ. ಮೂರನೆಯದರಲ್ಲಿ ಇದುವರೆಗೆ ಕಾಪಾಡಿದ ಶಕ್ತಿ ಮುಂದೆಯೂ ಕಾಪಾಡೀತೆಂಬ ಭರವಸೆ. ಇರುಳು ಕಳೆದ ಮೇಲೆ, ಬಹುಕಾಲ ಪ್ರೀತಿಸಿ ಸ್ವಲ್ಪಕಾಲ ಮಾತ್ರ ಕಳೆದುಕೊಂಡ ಮುಖಗಳು ಮತ್ತೆ ನಗುವುವೆಂಬ ಆಸೆ. ಗಮನಿಸಬೇಕಾದ ಅಂಶವೇನೆಂದರೆ, ಈ ಮೂರು ನುಡಿಗಳಲ್ಲಿ ಎಲ್ಲಿಯೂ ಕತ್ತಲೆಯನ್ನು ಬೆಳಕೆಂದು ಕರೆದಿಲ್ಲ. ಕತ್ತಲೆ ಕತ್ತಲೆಯೇ; ಮನೆ ದೂರವೇ. ಸಾವಾದ ಮನೆಯಲ್ಲಿ ನಾವು ಆಡುವ ಪೊಳ್ಳು ಮಾತಿಗೂ ಈ ಪ್ರಾರ್ಥನೆಗೂ ಇರುವ ಅಂತರ ಇದೇ. ದುಃಖವನ್ನು ಅಲ್ಲಗಳೆದು ಕರುಣೆಯನ್ನು ಸ್ಥಾಪಿಸುವ ವಾದ ಇಲ್ಲಿಲ್ಲ. ದುಃಖವನ್ನು ಒಪ್ಪಿಕೊಂಡವನು ಆ ದುಃಖದ ನಡುವೆ ನಿಂತೇ ಕರುಣೆಯನ್ನು ಕರೆಯುತ್ತಿದ್ದಾನೆ.

ನ್ಯೂಮನ್ ಈ ಗೀತೆಗೆ ಕೊಟ್ಟಿದ್ದ ಹೆಸರು ‘ಮೇಘಸ್ತಂಭ’ ಎಂಬ ಅರ್ಥದ್ದು. ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾಗಿ ಮರುಭೂಮಿಯಲ್ಲಿ ನಡೆದ ಇಸ್ರಾಯೇಲರ ಮುಂದೆ ದೇವರು ಹಗಲು ಮೇಘಸ್ತಂಭವಾಗಿಯೂ ಇರುಳು ಅಗ್ನಿಸ್ತಂಭವಾಗಿಯೂ ಸಾಗಿದನೆಂದು ಬೈಬಲ್ ಹೇಳುತ್ತದೆ. ಆ ಜನಕ್ಕೆ ದಾರಿಯ ನಕ್ಷೆ ದೊರೆಯಲಿಲ್ಲ. ಸ್ತಂಭ ನಡೆದಾಗ ನಡೆಯಬೇಕು, ನಿಂತಾಗ ನಿಲ್ಲಬೇಕು, ಅಷ್ಟೇ. ಮರುಭೂಮಿಯನ್ನು ದಾಟಲು ನಲವತ್ತು ವರ್ಷಗಳಾದುವು. ಕರುಣೆ ಅವರಿಗೆ ದಾರಿಯನ್ನು ಮೊಟಕುಮಾಡಿ ಕೊಡಲಿಲ್ಲ, ದಾರಿಯುದ್ದಕ್ಕೂ ಜೊತೆಗಿದ್ದಿತು.

ಇನ್ನು ಕನ್ನಡದ ಪದ್ಯಕ್ಕೆ ಬರೋಣ. ಭಾಷಾಂತರವೆಂದರೆ ಒಂದು ಪಾತ್ರೆಯ ನೀರನ್ನು ಇನ್ನೊಂದಕ್ಕೆ ಸುರಿದಂತೆ ಎಂದು ಕೆಲವರು ತಿಳಿಯುತ್ತಾರೆ. ಪಾತ್ರೆ ಬದಲಾದರೆ ನೀರಿನ ರುಚಿಯೂ ಬದಲಾಗುತ್ತದೆ. ತಾಮ್ರದ ಕೊಡದ ನೀರು ಕುಡಿದವರೆಲ್ಲ ಇದನ್ನು ಬಲ್ಲರು. ಮೂಲದಲ್ಲಿ ಬೆಳಕಿಗೆ ಇರುವ ವಿಶೇಷಣ ಸೌಮ್ಯ, ಹಿತ, ದಯೆಯುಳ್ಳದ್ದು ಎಂಬ ಭಾವದ್ದು. ಶ್ರೀಯವರು ಅದಕ್ಕೆ ‘ಕರುಣಾಳು’ ಎಂಬ ಮಾತನ್ನು ಇಟ್ಟರು. ಆ ಒಂದು ಮಾತಿನೊಡನೆ ನಮ್ಮ ವಚನಕಾರರೂ ಹರಿದಾಸರೂ ಶತಮಾನಗಳ ಕಾಲ ಕಟ್ಟಿದ ಭಕ್ತಿಯ ಲೋಕವೇ ಪದ್ಯದೊಳಕ್ಕೆ ಬಂದುಬಿಟ್ಟಿತು. ಮೂಲದ ಕವಿ ಬೆಳಕನ್ನು ‘ನಡೆಸು’ ಎಂದು ಪ್ರಾರಂಭಿಸಿದರೆ, ಕನ್ನಡದ ಕವಿ ಮೊದಲು ‘ಬಾ’ ಎನ್ನುತ್ತಾರೆ. ಮನೆಯ ಹಿರಿಯರನ್ನು ಕರೆಯುವ ಸಲಿಗೆ ಅದರಲ್ಲಿದೆ.

ಇದಕ್ಕಿಂತ ದೊಡ್ಡ ಬದಲಾವಣೆ ಇನ್ನೊಂದಿದೆ. ಕನ್ನಡದಲ್ಲಿ ಈ ಬೆಳಕಿಗೆ ಕೈ ಬಂದಿದೆ. ತನ್ನ ಕೈಯನ್ನು ಹಿಡಿದು ನಡೆಸಬೇಕೆಂದು ಕನ್ನಡದ ಗೀತೆ ಮತ್ತೆ ಮತ್ತೆ ಬೇಡುತ್ತದೆ. ಇಂಗ್ಲಿಷಿನಲ್ಲಿ ಆ ಕೈ ಇಲ್ಲ. ಅಲ್ಲಿ ಬೆಳಕು ಮುಂದೆ ಸಾಗುತ್ತದೆ, ಯಾತ್ರಿಕ ಹಿಂಬಾಲಿಸುತ್ತಾನೆ. ಇಲ್ಲಿ ಬೆಳಕು ಪಕ್ಕಕ್ಕೆ ಬಂದು ನಿಲ್ಲುತ್ತದೆ. ‘ದೇವರು ಕೈಬಿಡುವುದಿಲ್ಲ’ ಎಂಬುದು ನಮ್ಮ ಮನೆಮನೆಯ ಮಾತು. ಕೈಬಿಡುವುದಿಲ್ಲವೆನ್ನಬೇಕಾದರೆ ಮೊದಲು ಹಿಡಿದಿರಬೇಕಷ್ಟೆ! ಮೂಲದ ಜೌಗು, ಬಯಲು, ಕಡಿದಾದ ಬಂಡೆ, ಭೋರ್ಗರೆವ ತೊರೆಗಳ ಜಾಗದಲ್ಲಿ ನಮ್ಮ ಅಡವಿ, ಬೆಟ್ಟ, ಹೊಳೆಗಳು ಬಂದಿವೆ. ಹೀಗೆ ಮೆಡಿಟರೇನಿಯನ್ ಸಮುದ್ರದ ನಡುವೆ ಹುಟ್ಟಿದ ಪ್ರಾರ್ಥನೆ ನಮ್ಮ ಮಲೆನಾಡಿನ ಕಾಲುದಾರಿಯಲ್ಲಿ ನಡೆಯತೊಡಗಿತು.

ಕೆಲವು ವರ್ಷಗಳ ಹಿಂದೆ ಈ ಪದ್ಯವನ್ನು ಪಾಠಮಾಡುತ್ತಿದ್ದಾಗ, ತಂದೆಯನ್ನು ಕಳೆದುಕೊಂಡು ಹದಿನೈದು ದಿನಗಳ ಬಳಿಕ ತರಗತಿಗೆ ಬಂದಿದ್ದ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಸರ್, ಬೆಳಕಿಗೆ ಅಷ್ಟು ಕರುಣೆ ಇದ್ದಿದ್ದರೆ ಕತ್ತಲಾಗೋದಕ್ಕೆ ಮುಂಚೇನೇ ಬರಬಹುದಾಗಿತ್ತಲ್ಲ?” ಎಂದು ಕೇಳಿದಳು. ತರಗತಿ ಸ್ತಬ್ಧವಾಯಿತು. ಆ ಪ್ರಶ್ನೆಗೆ ಉತ್ತರ ಪದ್ಯದಲ್ಲಿಯೂ ಇಲ್ಲ, ನನ್ನಲ್ಲಿಯೂ ಇಲ್ಲವೆಂದು ಹೇಳಿದೆನು. ಉತ್ತರ ದೊರೆಯುವವರೆಗೂ ಮನುಷ್ಯ ನಿಂತಲ್ಲೇ ನಿಲ್ಲಬೇಕೇ, ಅಥವಾ ಉತ್ತರವಿಲ್ಲದೆಯೂ ಒಂದು ಹೆಜ್ಜೆ ಇಡಬಹುದೇ ಎಂಬುದಷ್ಟೇ ಈ ಕವಿಯ ವಿಚಾರವೆಂದೆನು. ಅವಳು ಮತ್ತೇನೂ ಹೇಳದೆ ಕುಳಿತಳು. ನಾಲ್ಕಾರು ದಿನ ಕಳೆದ ಮೇಲೆ ಅಧ್ಯಾಪಕರ ಕೊಠಡಿಯ ಹೊರಗೆ ಕಾದು ನಿಂತಿದ್ದು, “ನಾಳೆ ಏನು ಅಂತ ಮಾತೆತ್ತಿದರೆ ನಮ್ಮಮ್ಮ ಅಳ್ತಾರೆ ಸರ್. ಇವತ್ತು ಅಡಿಗೆ ಏನು ಮಾಡೋಣ ಅಂತ ಕೇಳಿದರೆ ಎದ್ದು ಒಳಗೆ ಹೋಗ್ತಾರೆ” ಎಂದಳು. ಆ ಪದ್ಯದ ‘ಒಂದು ಹೆಜ್ಜೆ’ಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ಯಾವ ವಿಮರ್ಶೆಯಲ್ಲಿಯೂ ಓದಿಲ್ಲ.

ನಮ್ಮ ಪರಂಪರೆಯಲ್ಲಿ ಕರುಣೆಯನ್ನು ನಂಬುವ ಬಗೆಗಳು ಹಲವಿವೆ. ಭಾಗವತದ ಕುಂತಿ ಕೃಷ್ಣನಿಂದ ವಿಪತ್ತುಗಳನ್ನೇ ಬೇಡುತ್ತಾಳೆ; ವಿಪತ್ತು ಬಂದಾಗಲೆಲ್ಲ ಅವನ ದರ್ಶನವಾಗುತ್ತದೆಂಬುದು ಅವಳ ಅನುಭವ. ಅದು ಮಹಾತಾಯಿಯೊಬ್ಬಳ ಎತ್ತರದ ಮಾತು. ಎಲ್ಲರ ಬಾಯಲ್ಲಿಯೂ ಅದು ಸಹಜವಾಗಿ ಕೇಳಿಸಲಾರದು. ಕನಕದಾಸರು ಇನ್ನೊಂದು ದಾರಿ ಹಿಡಿಯುತ್ತಾರೆ. ಬೆಟ್ಟದ ಮೇಲಣ ಮರವನ್ನೂ ಕಲ್ಲಿನೊಳಗಣ ಕಪ್ಪೆಯನ್ನೂ ತೋರಿಸಿ, ಅವುಗಳನ್ನು ಸಲಹಿದವನು ನಿನ್ನನ್ನು ಮರೆತಾನೆಯೇ ಎಂದು ಹೆದರಿದ ಮನಸ್ಸಿಗೆ ಧೈರ್ಯ ಹೇಳುತ್ತಾರೆ. ಲೋಕವನ್ನು ಕಣ್ತೆರೆದು ನೋಡಿದವರ ಸಾಕ್ಷ್ಯ ಅದು. ನ್ಯೂಮನ್ ಕರೆಯುವ ಸಾಕ್ಷಿ ತನ್ನದೇ ಕಳೆದ ಬಾಳು. ಇಷ್ಟು ದೂರ ಬಂದದ್ದು ನನ್ನ ಬಲದಿಂದಲ್ಲ. ತಂದವನು ಮುಂದೆಯೂ ಕರೆದೊಯ್ದಾನು ಎಂಬುದು ಅವನ ತರ್ಕ. ಮೂವರೂ ದುಃಖದ ಕಾರಣವನ್ನು ವಿವರಿಸಲು ಹೊರಡುವುದಿಲ್ಲವೆಂಬುದನ್ನು ಗಮನಿಸಬೇಕು. ಕಾರಣವನ್ನು ಹೇಳುವವರು ಬಹುಶಃ ದುಃಖದ ಹೊರಗೆ ನಿಂತವರೇ.

ಈ ನಂಬಿಕೆಗೆ ಒಂದು ಕಠಿನ ಪರೀಕ್ಷೆಯೂ ಇದೆ. ಬೆಳಕನ್ನು ಕರೆದವರೆಲ್ಲ ಬದುಕಿ ಮನೆ ಸೇರಿದರೇ? ಇಲ್ಲ. ೧೯೦೯ರ ಫೆಬ್ರುವರಿ ೧೬ರಂದು ಇಂಗ್ಲೆಂಡಿನ ಡರಮ್ ಸೀಮೆಯ ವೆಸ್ಟ್ ಸ್ಟ್ಯಾನ್ಲಿ ಕಲ್ಲಿದ್ದಲ ಗಣಿಯಲ್ಲಿ ಸ್ಫೋಟವಾಗಿ ೧೬೮ ಮಂದಿ ಸತ್ತರು. ನೆಲದಡಿ ಸಿಕ್ಕಿಬಿದ್ದ ಒಂದು ಗುಂಪು ಗಾಢಾಂಧಕಾರದಲ್ಲಿ ಕುಳಿತು ಇದೇ ಗೀತೆಯನ್ನು ಹಾಡಿತು. ಹಾಡು ಮುಗಿಯುವ ಮೊದಲೇ ಅವರಲ್ಲೊಬ್ಬ ಬಾಲಕ ಪ್ರಾಣಬಿಟ್ಟನು. ಹಲವು ಗಂಟೆಗಳ ತರುವಾಯ ಉಳಿದವರನ್ನು ಮೇಲಕ್ಕೆ ತಂದರು.

ಈ ಘಟನೆಯನ್ನು ಹೇಳಿ, ಹಾಡಿದವರು ಉಳಿದರೆಂದು ಹಿಗ್ಗುವುದು ಸುಲಭ; ಬಾಲಕ ಸತ್ತನೆಂದು ಹಾಡನ್ನು ಹಳಿಯುವುದೂ ಸುಲಭ. ಎರಡೂ ಅವಸರದ ತೀರ್ಮಾನಗಳೇ. ಆ ಕತ್ತಲೆಯಲ್ಲಿ ಗೀತೆ ಯಾರಿಗೂ ದಾರಿಯನ್ನು ಕೊರೆದು ಕೊಡಲಿಲ್ಲ. ಗಣಿಯಿಂದ ಅವರನ್ನು ಎತ್ತಿದ್ದು ಮೇಲಿನಿಂದ ಇಳಿದ ಮನುಷ್ಯರ ಕೈಗಳು. ಗೀತೆ ಮಾಡಿದ ಕೆಲಸವೇ ಬೇರೆ. ದಿಕ್ಕುಗೆಟ್ಟು ಚದರಬಹುದಾಗಿದ್ದ ಜನರನ್ನು ಅದು ಒಂದೆಡೆ ಕೂಡಿಸಿ ಕುಳ್ಳಿರಿಸಿತು. ಆ ಬಾಲಕ ಸಾಯುವಾಗ ಒಬ್ಬಂಟಿಯಾಗಿರಲಿಲ್ಲ. ಅವನ ಸುತ್ತ ಹಾಡುವ ದನಿಗಳಿದ್ದುವು. ಇದನ್ನು ಕರುಣೆಯೆನ್ನಬಹುದೇ ಎಂದು ಕೇಳಿದರೆ, ಅಷ್ಟೇ ಸಾಕೆಂದು ನಾನು ಹೇಳಲಾರೆ. ಅದು ಏನೂ ಅಲ್ಲವೆಂದೂ ಹೇಳಲಾರೆ. ಮೇಲಿನಿಂದ ಇಳಿದ ಆ ಕೈಗಳನ್ನು ನೆನೆದಾಗ, ನಮ್ಮ ಕನ್ನಡ ಕವಿ ಬೆಳಕಿಗೆ ಕೈಯನ್ನು ಕೊಟ್ಟದ್ದು ಎಷ್ಟು ಉಚಿತವೆಂದು ಮಾತ್ರ ಅನಿಸುತ್ತದೆ. ದೇವರ ಕರುಣೆ ಬಹುಮಟ್ಟಿಗೆ ಮನುಷ್ಯರ ಕೈಗಳ ಮೂಲಕವೇ ನಮ್ಮನ್ನು ಮುಟ್ಟುತ್ತದೆ. ಸಿಸಿಲಿಯಲ್ಲಿ ನ್ಯೂಮನ್ನನ ಹಣೆಗೆ ತಣ್ಣೀರಿನ ಬಟ್ಟೆ ಇಟ್ಟಿರಬಹುದಾದ ಆ ಸೇವಕನ ಕೈಯೂ ಅಂಥದೇ.

ಗಾಂಧೀಜಿಯವರಿಗೆ ಈ ಗೀತೆ ಬಹು ಪ್ರಿಯವಾಗಿದ್ದಿತು. ಒಂದು ಹೆಜ್ಜೆ ಸಾಕೆಂಬ ಅದರ ಮಾತನ್ನು ಅವರು ತಮ್ಮ ಬಾಳಿನಲ್ಲಿ ಮತ್ತೆ ಮತ್ತೆ ನೆನೆಯುತ್ತಿದ್ದರು. ಗುಜರಾತಿಗೆ ಇದನ್ನು ತಂದವರು ನರಸಿಂಹರಾವ್ ದಿವೇಟಿಯಾ. ಮಗನನ್ನು ಕಳೆದುಕೊಂಡ ಶೋಕದಲ್ಲಿ ‘ಸ್ಮರಣಸಂಹಿತಾ’ ಎಂಬ ಕಾವ್ಯವನ್ನು ಬರೆದ ಕವಿ. ಅವರ ಭಾಷಾಂತರದಲ್ಲಿ ಬೆಳಕು ‘ಪ್ರೇಮಲ ಜ್ಯೋತಿ’ಯಾಯಿತು. ಗುಜರಾತಿಗೆ ಪ್ರೇಮ, ಕನ್ನಡಕ್ಕೆ ಕರುಣೆ! ಮೂಲಗೀತೆಯಲ್ಲಿ ಕ್ರಿಸ್ತನ ಹೆಸರಾಗಲಿ, ದೇವರೆಂಬ ಮಾತಾಗಲಿ ಎಲ್ಲಿಯೂ ಇಲ್ಲ, ಬೆಳಕೆಂಬುದೊಂದೇ ಸಂಬೋಧನೆ. ಹೆಸರಿಲ್ಲದ ಕಾರಣದಿಂದಲೇ ಅದು ಎಲ್ಲರ ಮನೆಯ ಹೊಸ್ತಿಲನ್ನೂ ದಾಟಿತು.

ಕೊನೆಯ ನುಡಿಯ ಆ ಮುಖಗಳು ಯಾರವು? ನ್ಯೂಮನ್ನನ ಕಿರಿಯ ತಂಗಿ ಮೇರಿ ೧೮೨೮ರ ಜನವರಿಯಲ್ಲಿ ಇದ್ದಕ್ಕಿದ್ದಂತೆ ತೀರಿಕೊಂಡಿದ್ದಳು. ಕವಿಯ ಮನಸ್ಸಿನಲ್ಲಿ ಅವಳಿದ್ದಿರಬಹುದೆಂದು ಓದುಗರು ಊಹಿಸುವುದು ಸಹಜ. ೧೮೭೯ರಲ್ಲಿ ಒಬ್ಬರು ಆ ಸಾಲುಗಳ ಅರ್ಥವನ್ನು ಕೇಳಿದಾಗ, ಸುಮಾರು ಐವತ್ತು ವರ್ಷಗಳ ಹಿಂದೆ ತನ್ನ ಮನಸ್ಸಿನಲ್ಲಿ ಏನಿದ್ದಿತೆಂಬುದನ್ನು ನೆನಪಿಟ್ಟುಕೊಳ್ಳುವ ಹೊಣೆ ಕವಿಗಿಲ್ಲವೆಂಬ ಅರ್ಥದ ಉತ್ತರವನ್ನು ಮುದುಕನಾಗಿದ್ದ ನ್ಯೂಮನ್ ಬರೆದನು. ಉತ್ತರ ಸ್ವಲ್ಪ ಒರಟೆನಿಸಿದರೂ ಅದರಿಂದ ನಮಗೆ ಉಪಕಾರವೇ ಆಗಿದೆ. ಆ ಮುಖಗಳಿಗೆ ಅವನು ಹೆಸರಿಡಲಿಲ್ಲ. ಹಾಗಾಗಿ ಹಾಡುವ ಪ್ರತಿಯೊಬ್ಬರೂ ತಾವು ಕಳೆದುಕೊಂಡವರ ಮುಖಗಳನ್ನು ಅಲ್ಲಿ ಇಟ್ಟುಕೊಳ್ಳಬಹುದು.

ನಮ್ಮ ಕಡೆಯ ಅನೇಕ ಮನೆಗಳಲ್ಲಿ ಸಾವಾದಾಗ, ಸತ್ತವರನ್ನು ಮಲಗಿಸಿದ್ದ ಜಾಗದಲ್ಲಿ ಒಂದು ದೀಪವನ್ನು ಹಚ್ಚಿಡುವ ಪದ್ಧತಿಯುಂಟು. ಕರ್ಮಾಂತರ ಮುಗಿಯುವವರೆಗೆ ಅದು ಆರದಂತೆ ನೋಡಿಕೊಳ್ಳುತ್ತಾರೆ. ನಡುರಾತ್ರಿಯಲ್ಲಿ ಯಾರಾದರೊಬ್ಬರು ಎದ್ದು ಬಂದು ಎಣ್ಣೆ ಹಾಕಿ, ಬತ್ತಿ ಸರಿಮಾಡಿ ಹೋಗುತ್ತಾರೆ. ಆ ದೀಪದಿಂದ ಮನೆಯೆಲ್ಲ ಬೆಳಗುವುದಿಲ್ಲ. ಹೋದವರು ಮರಳಿ ಬರುವುದೂ ಇಲ್ಲ. ಒಂದು ಮಾರು ನೆಲ ಕಾಣಿಸುತ್ತದೆ. ಎದ್ದು ಬಂದವರ ಕಾಲು ಎಡವುವುದಿಲ್ಲ. ದೇವರ ಕರುಣೆಯಲ್ಲಿ ನಂಬಿಕೆಯೆಂದರೆ ದುಃಖಿಗಳ ಪಾಲಿಗೆ ಇಷ್ಟೇ ಇರಬಹುದು: ಕತ್ತಲೆಯನ್ನು ಕತ್ತಲೆಯೆಂದೇ ಕರೆದು, ಕೈಗೆಟಕುವ ದೀಪಕ್ಕೆ ಎಣ್ಣೆ ಹಾಕಿ, ಕಾಣುವಷ್ಟು ನೆಲದ ಮೇಲೆ ಕಾಲಿಡುವುದು. ಇನ್ನೊಬ್ಬರ ಕತ್ತಲೆಯ ಹೊತ್ತಿನಲ್ಲಿ ನಮ್ಮ ಕಾರಣಗಳನ್ನೂ ಉಪದೇಶಗಳನ್ನೂ ಬಾಗಿಲ ಹೊರಗೆ ಬಿಟ್ಟು ಒಳಗೆ ಹೋಗಿ, ಅವರ ಕೈ ಹಿಡಿದು ಸ್ವಲ್ಪ ಹೊತ್ತು ಕುಳಿತರೆ, ಆ ಬೆಳಕಿಗೆ ನಾವೂ ಒಂದು ಹನಿ ಎಣ್ಣೆ ಹಾಕಿದಂತಾದೀತು.